ಮಂಚದ ಪಕ್ಕ ನಿಂತು ಓದುವ ಪಾಠ

ಪುಟ್ಟಿ, ಇಂಟರ್ನಲ್ಸ್ ಹತ್ತಿರ ಬಂತೆಂದು ಮೊನ್ನೆ ಫೋನಿನಲ್ಲಿ ಅಳುವ ದನಿಯಲ್ಲಿ ಮಾತಾಡಿದೆ. "ಆಪರೇಷನ್ ಮಾಡೋರು ಡಾಕ್ಟರು, ಔಷಧಿ ಬರೆಯೋರೂ ಅವರೇ. ನಾವ್ಯಾಕೆ ಅತ್ತೆ ಇಷ್ಟೊಂದು ಮೂಳೆ, ನರ, ರಕ್ತನಾಳ ಎಲ್ಲಾ ಓದಬೇಕು?" ಅಂತ ಕೇಳಿದೆ. ಎರಡು ಮಾತಿನಲ್ಲಿ ಮುಗಿಸುವ ಪ್ರಶ್ನೆ ಅದಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬಹುಪಾಲು ಆಯುಷ್ಯವನ್ನು ವಾರ್ಡುಗಳಲ್ಲಿ ಕಳೆದು, ಆಮೇಲೆ ನಿನ್ನ ವಯಸ್ಸಿನ ಮಕ್ಕಳಿಗೆ ಪಾಠ ಹೇಳಿದವಳು ನಾನು. ಡಾಕ್ಟರು ರೌಂಡ್ಸಿಗೆ ಬಂದಾಗ ಒಬ್ಬೊಬ್ಬ ರೋಗಿಯ ಹತ್ತಿರ ಕೆಲವು ನಿಮಿಷ ನಿಲ್ಲುತ್ತಾರೆ. ಉಳಿದಷ್ಟೂ ಹೊತ್ತು ಆ ದೇಹದ ಪಕ್ಕ ಇರುವವಳು ನೀನು. ರಕ್ತ ಸೋರುವುದು, ಉಸಿರು ಕಟ್ಟುವುದು, ಮೂತ್ರ ನಿಲ್ಲುವುದು ರೌಂಡ್ಸಿನ ಹೊತ್ತು ನೋಡಿಕೊಂಡು ಆಗುವುದಿಲ್ಲ. ಅದು ಮೊದಲು ನಿನ್ನ ಕಣ್ಣಿಗೆ ಬೀಳಬೇಕು. ಒಳಗೆ ಏನಿದೆ, ಅದು ಹೇಗೆ ನಡೆಯುತ್ತದೆ ಎಂದು ತಿಳಿಯದವರಿಗೆ ಎದುರಿಗೆ ನಡೆಯುತ್ತಿರುವುದೂ ಕಾಣುವುದಿಲ್ಲ.

ನಿಮ್ಮ ಈಗಿನ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಅಪ್ಲೈಡ್ ಅನಾಟಮಿ, ಅಪ್ಲೈಡ್ ಫಿಸಿಯಾಲಜಿ ಎರಡೂ ಮೊದಲ ಸೆಮಿಸ್ಟರಿನಲ್ಲೇ ಬರುತ್ತವೆ. ತಲಾ 60 ಗಂಟೆಯ ಪಾಠ, ಕೊನೆಗೆ ಎರಡಕ್ಕೂ ಸೇರಿ ಒಂದೇ ಪ್ರಶ್ನೆಪತ್ರಿಕೆ. ಅದೇ ಸೆಮಿಸ್ಟರಿನಲ್ಲಿ ನರ್ಸಿಂಗ್ ಫೌಂಡೇಷನ್ ಕೂಡ ಇದೆ. ಮೂರಕ್ಕೂ ಬೇರೆ ಬೇರೆ ನೋಟ್ಸ್ ಇಟ್ಟು, ಒಂದನ್ನು ತೆರೆದಾಗ ಇನ್ನೆರಡನ್ನು ಮುಚ್ಚಿಡುವುದು ಹೆಚ್ಚಿನವರ ಅಭ್ಯಾಸ. ನೀನು ಹಾಗೆ ಮಾಡಬೇಡ. ಫೌಂಡೇಷನ್ ಲ್ಯಾಬಿನಲ್ಲಿ ಕೈಗೆ ಒಂದು ಕೆಲಸ ಕಲಿಸಿದ ದಿನವೇ ರಾತ್ರಿ ಕೂತು, ಆ ಕೆಲಸವನ್ನು ಹಾಗೇ ಯಾಕೆ ಮಾಡಬೇಕು ಎಂಬುದನ್ನು ಅನಾಟಮಿ, ಫಿಸಿಯಾಲಜಿ ಪುಸ್ತಕದಲ್ಲಿ ಹುಡುಕು. ನಾನು ಹೇಳಬೇಕೆಂದಿರುವುದು ಇದೊಂದೇ. ಉಳಿದದ್ದೆಲ್ಲ ಇದಕ್ಕೆ ಉದಾಹರಣೆ.

ಸೊಂಟಕ್ಕೆ ಇಂಜೆಕ್ಷನ್ ಕೊಡುವುದನ್ನೇ ತೆಗೆದುಕೋ. ಪೃಷ್ಠವನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿ, ಮೇಲಿನ ಹೊರಗಿನ ಭಾಗಕ್ಕೆ ಚುಚ್ಚಬೇಕು ಎಂದು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಯಾಕೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಸಯಾಟಿಕ್ ನರ ನಮ್ಮ ದೇಹದಲ್ಲೇ ಅತಿ ದಪ್ಪನೆಯ ನರ. ಬೆನ್ನುಹುರಿಯಿಂದ ಹೊರಟ ಐದು ಬೇರುಗಳು, ಎಲ್-4ರಿಂದ ಎಸ್-3ರವರೆಗಿನವು, ಕೂಡಿ ಅದು ಆಗುತ್ತದೆ. ಪಿರಿಫಾರ್ಮಿಸ್ ಸ್ನಾಯುವಿನ ಕೆಳಗಿಂದ ಹೊರಬಂದು, ಪೃಷ್ಠದ ಕೆಳಭಾಗದಲ್ಲಿ ಹಾದು, ತೊಡೆಯ ಹಿಂಬದಿಗೆ ಇಳಿಯುತ್ತದೆ. ಸೂಜಿಯೋ ಔಷಧಿಯೋ ಅದಕ್ಕೆ ತಾಗಿದರೆ ಪಾದ ಮೇಲೆತ್ತಲು ಆಗದೆ ಫುಟ್ ಡ್ರಾಪ್ ಆಗಬಹುದು. ಜ್ವರಕ್ಕೆಂದು ಇಂಜೆಕ್ಷನ್ ಹಾಕಿಸಿಕೊಳ್ಳಲು ಓಡಿಬಂದ ಮಗು ಪಾದ ಎಳೆದುಕೊಂಡು ಮನೆಗೆ ಹೋದರೆ, ಆ ತಾಯಿಗೆ ಹೇಳಲು ಯಾರ ಬಳಿಯೂ ಸಮಾಧಾನದ ಮಾತಿರುವುದಿಲ್ಲ. ಪುಸ್ತಕದ ಆ ಚಿತ್ರವನ್ನು ಒಮ್ಮೆ ನೋಡಿ ಮುಂದೆ ಹೋಗಬೇಡ. ನೀನೇ ಬಿಡಿಸು. ನರ ಎಲ್ಲಿ ಹೊರಬರುತ್ತದೆ, ಎಲ್ಲಿ ತಿರುಗುತ್ತದೆ ಎಂದು ನಿನ್ನ ಪೆನ್ಸಿಲ್ ಗುರುತಿಸಲಿ.

ಪೃಷ್ಠದ ಆ ಮೇಲಿನ ಹೊರಗಿನ ಭಾಗಕ್ಕಿಂತ ಸುರಕ್ಷಿತ ಜಾಗವೂ ಇದೆ, ವೆಂಟ್ರೋಗ್ಲೂಟಿಯಲ್. ಅಲ್ಲಿ ದೊಡ್ಡ ನರವಾಗಲಿ ದೊಡ್ಡ ರಕ್ತನಾಳವಾಗಲಿ ಹಾದುಹೋಗುವುದಿಲ್ಲ, ಗ್ಲೂಟಿಯಸ್ ಮೀಡಿಯಸ್ ಮತ್ತು ಮಿನಿಮಸ್ ಸ್ನಾಯುಗಳಿವೆ. ರೋಗಿಯ ಎಡ ಸೊಂಟವಾದರೆ ನಿನ್ನ ಬಲಗೈ. ಅಂಗೈಯ ಬುಡ ತೊಡೆಮೂಳೆಯ ಉಬ್ಬಿನ ಮೇಲೆ, ತೋರುಬೆರಳು ಸೊಂಟದ ಮುಂದಿನ ಮೂಳೆತುದಿಯ ಮೇಲೆ, ನಡುಬೆರಳನ್ನು ಸೊಂಟದ ಮೂಳೆಯ ಅಂಚಿನುದ್ದಕ್ಕೂ ಹಿಂದಕ್ಕೆ ಚಾಚಬೇಕು. ಎರಡು ಬೆರಳಿನ ನಡುವಿನ ಸಂದಿಯೇ ಚುಚ್ಚುವ ಜಾಗ. ಇಲ್ಲಿ ಹೇಳಿದ ಮೂರು ಮೂಳೆ ಗುರುತುಗಳನ್ನೂ ಇವತ್ತು ರಾತ್ರಿ ನಿನ್ನ ಮೈಮೇಲೆ ಮುಟ್ಟಿ ನೋಡು. ಗ್ರೇಟರ್ ಟ್ರೊಕ್ಯಾಂಟರ್, ಆ್ಯಂಟೀರಿಯರ್ ಸುಪೀರಿಯರ್ ಇಲಿಯಾಕ್ ಸ್ಪೈನ್, ಇಲಿಯಾಕ್ ಕ್ರೆಸ್ಟ್ ಎಂಬ ಉದ್ದುದ್ದ ಹೆಸರುಗಳು ಬೆರಳಿಗೆ ಸಿಕ್ಕಿದ ಮೇಲೆ ಮರೆಯುವುದಿಲ್ಲ.

ಎಳೆ ಕೂಸುಗಳ ವಿಷಯ ಬೇರೆ. ಇನ್ನೂ ನಡೆಯದ ಮಗುವಿಗೆ ಪೃಷ್ಠದ ಸ್ನಾಯು ಬೆಳೆದಿರುವುದೇ ಇಲ್ಲ. ತೊಡೆಯ ಹೊರಬದಿಯ ವಾಸ್ಟಸ್ ಲ್ಯಾಟರಾಲಿಸ್ ಮಾತ್ರ ಹುಟ್ಟಿದಾಗಿನಿಂದಲೇ ಚೆನ್ನಾಗಿರುತ್ತದೆ. ಆರೋಗ್ಯ ಕೇಂದ್ರದಲ್ಲಿ ಪೆಂಟಾವೇಲೆಂಟ್ ಲಸಿಕೆಯನ್ನು ಎಡತೊಡೆಯ ನಡುಭಾಗದ ಮುಂದಿನ ಹೊರಬದಿಗೆ ಕೊಡುವುದು ಇದಕ್ಕೇ. "ಕಾಲಿಗ್ಯಾಕೆ ಚುಚ್ಚುತ್ತೀರಿ?" ಎಂದು ಅಜ್ಜಿಯೊಬ್ಬರು ಕೇಳಿದಾಗ ಉತ್ತರ ಹೇಳಬಲ್ಲ ನರ್ಸ್ ಮೇಲೆ ಆ ಮನೆಯವರಿಗೆ ನಂಬಿಕೆ ಹುಟ್ಟುತ್ತದೆ, ಮುಂದಿನ ಲಸಿಕೆಗೆ ಕರೆಯದೆಯೂ ಬರುತ್ತಾರೆ.

206 ಮೂಳೆಗಳ ಪಟ್ಟಿ ನೋಡಿ ಹೆದರಬೇಡ. ಮಣಿಕಟ್ಟಿನ ಎಂಟು ಮೂಳೆಗಳ ಹೆಸರು ಪರೀಕ್ಷೆಗೆ ಬೇಕು, ಕಲಿತುಕೋ. ಕೈಯಿಂದ ಮುಟ್ಟಿ ತಿಳಿಯಬಹುದಾದ ಮೂಳೆಗಳಿಗೆ ಮಾತ್ರ ಹೆಚ್ಚು ಹೊತ್ತು ಕೊಡು. ಎದೆಮೂಳೆಯ ಮೇಲ್ಭಾಗದಲ್ಲಿ ಬೆರಳು ಜಾರಿಸಿದರೆ ಒಂದು ಅಡ್ಡ ಉಬ್ಬು ಸಿಗುತ್ತದೆ. ಅದರ ನೇರಕ್ಕೆ ಇರುವುದೇ ಎರಡನೇ ಪಕ್ಕೆಲುಬು. ಅಲ್ಲಿಂದ ಕೆಳಕ್ಕೆ ಎಣಿಸಿದರೆ ನಾಲ್ಕನೇ ಪಕ್ಕೆಸಂದಿಯಲ್ಲಿ, ಎದೆಮೂಳೆಯ ಬಲ ಅಂಚಿಗೆ ಇ.ಸಿ.ಜಿ.ಯ ವಿ-1, ಎಡ ಅಂಚಿಗೆ ವಿ-2. ಐದನೇ ಸಂದಿಯಲ್ಲಿ ಕೊರಳೆಲುಬಿನ ನಡುವಿನಿಂದ ಇಳಿದ ಗೆರೆಯ ಮೇಲೆ ವಿ-4. ಹೆಂಗಸರಿಗೆ ಇ.ಸಿ.ಜಿ. ತೆಗೆಯುವಾಗ ಸಂಕೋಚಪಟ್ಟು ಲೀಡುಗಳನ್ನು ಮೇಲಕ್ಕೆ ಅಂಟಿಸಿಬಿಡುತ್ತಾರೆ. ಹಾಗೆ ತೆಗೆದ ಇ.ಸಿ.ಜಿ. ಇಲ್ಲದ ರೋಗವನ್ನು ತೋರಿಸಬಹುದು, ಇರುವುದನ್ನು ಮುಚ್ಚಬಹುದು. ಪರದೆ ಎಳೆ, ಆ ತಾಯಿಗೆ ಹೇಳಿ ಒಪ್ಪಿಗೆ ಪಡೆ, ಲೀಡನ್ನು ಅದರ ಜಾಗದಲ್ಲೇ ಇಡು. ರೋಗಿಯ ಮಾನ ಕಾಯುವುದೂ ಲೀಡಿನ ಜಾಗ ಕಾಯುವುದೂ ಎರಡೂ ನಿನ್ನ ಕೆಲಸವೇ.

ಮಲಗಿಸುವ ಭಂಗಿಗಳ ಪಟ್ಟಿಯೂ ಹೀಗೆಯೇ. ಎನಿಮಾ ಕೊಡಲು ಎಡ ಮಗ್ಗುಲಿಗೆ ಯಾಕೆ ಮಲಗಿಸುತ್ತೇವೆ ಎಂದರೆ ದೊಡ್ಡಕರುಳಿನ ಕೊನೆಯ ಭಾಗ, ಸಿಗ್ಮಾಯ್ಡ್ ಕೋಲನ್, ಎಡಕ್ಕಿದೆ, ನೀರು ತಾನಾಗಿ ಇಳಿಯುತ್ತದೆ. ಐದು ತಿಂಗಳು ದಾಟಿದ ಬಸುರಿಯನ್ನು ಅಂಗಾತ ಮಲಗಿಸಿದರೆ ಗರ್ಭಕೋಶದ ಭಾರ ಬೆನ್ನೆಲುಬಿನ ಬಲಮುಂಭಾಗದಲ್ಲಿರುವ ಇನ್ಫೀರಿಯರ್ ವೀನಾಕೇವಾ ಮೇಲೆ ಬಿದ್ದು, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ಬಿ.ಪಿ. ಇಳಿದು ಕಣ್ಣು ಕತ್ತಲೆ ಬರಬಹುದು. ಎಡಕ್ಕೆ ಹೊರಳಿಸಿದರೆ ಸಾಕು, ಔಷಧಿ ಇಲ್ಲದೆ ಸರಿಹೋಗುತ್ತದೆ. ಕಡಲೆಬೀಜ ಗಂಟಲಿಗೆ ಹೋದ ಮಗು ಬಂದರೆ ಅದು ಹೆಚ್ಚಾಗಿ ಬಲ ಶ್ವಾಸಕೋಶದಲ್ಲೇ ಸಿಕ್ಕಿಕೊಂಡಿರುತ್ತದೆ. ಬಲಗಡೆಯ ಮುಖ್ಯ ಶ್ವಾಸನಾಳ ಎಡದಕ್ಕಿಂತ ಅಗಲ, ಗಿಡ್ಡ, ಹೆಚ್ಚು ನೆಟ್ಟಗೆ. ಐ.ಸಿ.ಯು.ನಲ್ಲಿ ಗಂಟಲಿಗೆ ಹಾಕಿದ ಟ್ಯೂಬು ಸ್ವಲ್ಪ ಕೆಳಗೆ ಜಾರಿದರೂ ಬಲಕ್ಕೇ ಹೋಗುತ್ತದೆ, ಎಡ ಎದೆಯಲ್ಲಿ ಗಾಳಿಯ ಸದ್ದು ಕೇಳುವುದಿಲ್ಲ. ಅದಕ್ಕೇ ಎರಡೂ ಕಡೆ ಸ್ಟೆತಾಸ್ಕೋಪ್ ಇಟ್ಟು ಕೇಳಬೇಕು.

ಈಗ ಫಿಸಿಯಾಲಜಿಗೆ ಬರೋಣ. ಇದರಲ್ಲಿ ಒಂದೇ ಒಂದು ಅಧ್ಯಾಯವನ್ನು ಮನಸ್ಸಿಟ್ಟು ಓದು ಎಂದರೆ ನಾನು ಬಿ.ಪಿ. ನಿಯಂತ್ರಣದ ಅಧ್ಯಾಯ ಓದಲು ಹೇಳುತ್ತೇನೆ. ಹೆರಿಗೆ ವಾರ್ಡಿನಲ್ಲಿ ನಿನಗೆ ನೈಟ್ ಡ್ಯೂಟಿ ಎಂದುಕೋ. ಹೆರಿಗೆಯಾಗಿ ಒಂದು ಗಂಟೆಯಾದ ಬಾಣಂತಿ. ಬಿ.ಪಿ. 110/80. ಚಾರ್ಟು ನೋಡಿದವರು ನಾರ್ಮಲ್ ಎಂದುಬಿಡುತ್ತಾರೆ. ಪಲ್ಸ್ 118, ಉಸಿರು 24. ಕೈ ತಣ್ಣಗಿದೆ. "ಸಿಸ್ಟರ್, ನೀರು ಕೊಡಿ" ಎಂದು ಮತ್ತೆ ಮತ್ತೆ ಕೇಳುತ್ತಾಳೆ, ಮಲಗಿದಲ್ಲಿ ಮಲಗಲಾರದೆ ಹೊರಳುತ್ತಾಳೆ. ಹೆರಿಗೆಯ ಸುಸ್ತು, ನಿದ್ದೆಗೆಟ್ಟಿದ್ದಾಳೆ, ಸ್ವಲ್ಪ ಹೆದರಿದ್ದಾಳೆ ಎಂದು ಜೊತೆಗೆ ಬಂದ ಅಮ್ಮ ಹೇಳುತ್ತಾರೆ. ನೀನು ಏನು ಮಾಡುತ್ತೀ?

ಆ ದೇಹದೊಳಗೆ ಆಗುತ್ತಿರುವುದನ್ನು ನೋಡು. ರಕ್ತ ಹೋಗುತ್ತಿದೆ. ಕುತ್ತಿಗೆಯ ಕೆರೋಟಿಡ್ ಸೈನಸ್ಸಿನಲ್ಲೂ ಮಹಾಧಮನಿಯ ಕಮಾನಿನಲ್ಲೂ ಇರುವ ಬ್ಯಾರೊರಿಸೆಪ್ಟರುಗಳು ಒತ್ತಡ ಇಳಿಯುವುದನ್ನು ಕೂಡಲೇ ಅರಿತು ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಸಿಂಪಥೆಟಿಕ್ ನರಮಂಡಲ ಎಚ್ಚೆತ್ತುಕೊಳ್ಳುತ್ತದೆ. ಹೃದಯ ಬೇಗ ಬೇಗ ಬಡಿಯುತ್ತದೆ, ಅದೇ 118. ಚರ್ಮದ ರಕ್ತನಾಳಗಳು ಮುದುಡಿ ಅಲ್ಲಿನ ರಕ್ತ ಮೆದುಳಿಗೆ, ಹೃದಯಕ್ಕೆ ತಿರುಗುತ್ತದೆ, ಅದಕ್ಕೇ ಕೈ ತಣ್ಣಗೆ. ನಾಳಗಳು ಬಿಗಿದದ್ದರಿಂದ ಕೆಳಗಿನ ಬಿ.ಪಿ. ಏರಿ ಎರಡು ಅಂಕಿಗಳ ನಡುವಿನ ಅಂತರ 30ಕ್ಕೆ ಇಳಿದಿದೆ. ಮೂತ್ರಪಿಂಡ ರೆನಿನ್ ಬಿಡುತ್ತದೆ, ಪಿಟ್ಯೂಟರಿಯಿಂದ ಎ.ಡಿ.ಎಚ್. ಬರುತ್ತದೆ, ನೀರು ಉಳಿಸಲು ಮೂತ್ರ ಕಡಿಮೆಯಾಗುತ್ತದೆ, ಬಾಯಾರಿಕೆ ಹೆಚ್ಚುತ್ತದೆ. ಮೆದುಳಿಗೆ ರಕ್ತ ಸಾಲದೆ ಚಡಪಡಿಕೆ. ನೀನು ಕಂಡ ಒಂದೊಂದು ಗುರುತೂ ಒಂದೇ ಕತೆಯನ್ನು ಹೇಳುತ್ತಿದೆ. ಬಿ.ಪಿ. ಮಾತ್ರ ಇನ್ನೂ ಹೇಳುತ್ತಿಲ್ಲ.

ವಯಸ್ಕರಲ್ಲಿ ಸುಮಾರು 5 ಲೀಟರ್ ರಕ್ತ ಇದೆ ಎಂದು ಓದಿದ್ದೀ. ಅದರಲ್ಲಿ 750 ಮಿ.ಲೀ.ವರೆಗೆ ಹೋದರೂ ಹೊರಗೆ ಹೆಚ್ಚೇನೂ ಕಾಣದು. 750ರಿಂದ 1500 ಮಿ.ಲೀ. ಹೋಗುವಾಗ ಪಲ್ಸ್ 100 ದಾಟುತ್ತದೆ, ಉಸಿರು ಹೆಚ್ಚುತ್ತದೆ, ಮೇಲಿನ ಬಿ.ಪಿ. ಬಹುಮಟ್ಟಿಗೆ ಹಾಗೇ ನಿಂತಿರುತ್ತದೆ. ಅದು ನಿಜವಾಗಿ ಕುಸಿಯುವುದು ಒಂದೂವರೆ ಲೀಟರ್ ದಾಟಿದ ಮೇಲೆ. ಬಸುರಿನಲ್ಲಿ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಏರಿರುವುದರಿಂದ ಬಾಣಂತಿಯ ದೇಹ ಇನ್ನೂ ಹೊತ್ತು ತಡೆದುಕೊಳ್ಳುತ್ತದೆ, ಆಮೇಲೆ ಒಮ್ಮೆಲೇ ಕೈಬಿಡುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂದು ನಿನಗೆ ಗೊತ್ತು, ಅಂಥವಳಿಗೆ ಅಷ್ಟು ಸಮಯವೂ ಇರುವುದಿಲ್ಲ. ಬಿ.ಪಿ. ಬೀಳಲಿ ಎಂದು ಕಾದರೆ ತಡವಾಗಿಬಿಟ್ಟಿರುತ್ತದೆ.

ಅದಕ್ಕೇ ಆ ಹೊತ್ತಿನಲ್ಲಿ ಮೊದಲು ಜೊತೆಯವರನ್ನು ಕೂಗಿ ಕರೆ, ಡ್ಯೂಟಿ ಡಾಕ್ಟರಿಗೆ ಹೇಳಿಕಳಿಸು, ಹೊದಿಕೆ ಸರಿಸಿ ಪ್ಯಾಡ್ ನೋಡು, ಬೆನ್ನಿನ ಕೆಳಗೆ ಕೈ ಹಾಕಿ ನೋಡು. ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಿದೆಯೋ ಮೆತ್ತಗಿದೆಯೋ ತಿಳಿ. ಗರ್ಭಕೋಶದ ಸ್ನಾಯುವಿನ ಎಳೆಗಳು ರಕ್ತನಾಳಗಳ ಸುತ್ತ ಅಡ್ಡಾದಿಡ್ಡಿ ಹೆಣೆದುಕೊಂಡಿವೆ, ಅವು ಬಿಗಿದರೆ ಮಾತ್ರ ನಾಳಗಳ ಬಾಯಿ ಮುಚ್ಚುತ್ತದೆ. ಉಜ್ಜಿ ಗಟ್ಟಿ ಮಾಡುವುದು ಇದಕ್ಕೇ. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಬಿಗಿಯಲಾರದು, ಅದನ್ನೂ ಖಾಲಿ ಮಾಡಿಸಬೇಕು. ನೋಡು, ಇಷ್ಟು ಕೆಲಸದಲ್ಲಿ ಅನಾಟಮಿ ಎಲ್ಲಿ ಮುಗಿಯಿತು, ಫಿಸಿಯಾಲಜಿ ಎಲ್ಲಿ ಶುರುವಾಯಿತು, ನರ್ಸಿಂಗ್ ಎಲ್ಲಿಂದ ಬಂತು ಎಂದು ಬೇರೆ ಮಾಡಿ ಹೇಳಲು ಆಗುತ್ತದೆಯೇ?

ಉಸಿರಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ವಾರ್ಡಿನ ಎಲ್ಲ ಚಾರ್ಟುಗಳಲ್ಲೂ ಉಸಿರಿನ ಜಾಗದಲ್ಲಿ 20, 20 ಎಂದೇ ಬರೆದಿರುವುದನ್ನು ನೋಡಿ ನಾನು ನೊಂದಿದ್ದೇನೆ. ಪಲ್ಸನ್ನು ಯಂತ್ರ ತೋರಿಸುತ್ತದೆ, ಬಿ.ಪಿ.ಯನ್ನೂ ತೋರಿಸುತ್ತದೆ, ಉಸಿರನ್ನು ಮಾತ್ರ ಕೂತು ಎಣಿಸಬೇಕು. ಆದರೆ ರೋಗಿ ಹದಗೆಡುತ್ತಿದ್ದಾನೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಹೇಳುವುದು ಬಹಳ ಸಲ ಅದೇ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಏರಿದರೂ, ಆಮ್ಲ ಹೆಚ್ಚಿದರೂ ಮೆದುಳಿನ ಬುಡದ ಉಸಿರಾಟ ಕೇಂದ್ರ ತಡಮಾಡದೆ ಉಸಿರನ್ನು ಏರಿಸುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಕೀಟೋನ್ ಹೆಚ್ಚಾದವನು ಆಳವಾಗಿ, ಜೋರಾಗಿ ಉಸಿರಾಡುವುದು ಶ್ವಾಸಕೋಶ ಕೆಟ್ಟಿದ್ದರಿಂದಲ್ಲ, ಆಮ್ಲವನ್ನು ಗಾಳಿಯ ಮೂಲಕ ಹೊರಹಾಕಲು ದೇಹ ಹೆಣಗುತ್ತಿರುವುದರಿಂದ. ಪೂರ್ತಿ ಒಂದು ನಿಮಿಷ ಎಣಿಸು. ಎಣಿಸುತ್ತಿದ್ದೇನೆ ಎಂದು ಹೇಳಬೇಡ, ತಿಳಿದರೆ ಉಸಿರಿನ ಲಯವೇ ಬದಲಾಗುತ್ತದೆ. ಮಣಿಕಟ್ಟು ಹಿಡಿದು ಪಲ್ಸ್ ನೋಡುವವಳಂತೆ ಇದ್ದು ಎದೆ ಏರಿಳಿಯುವುದನ್ನು ಗಮನಿಸು. ಮಕ್ಕಳಲ್ಲಿ ಈ ಎಣಿಕೆಯಿಂದಲೇ ನ್ಯುಮೋನಿಯಾ ಹಿಡಿಯುತ್ತೇವೆ: ಕೆಮ್ಮಿರುವ ಮಗುವಿಗೆ 2ರಿಂದ 12 ತಿಂಗಳ ಒಳಗೆ ನಿಮಿಷಕ್ಕೆ 50 ಅಥವಾ ಹೆಚ್ಚು, 1ರಿಂದ 5 ವರ್ಷದೊಳಗೆ 40 ಅಥವಾ ಹೆಚ್ಚು ಉಸಿರಿದ್ದರೆ ಅದು ವೇಗದ ಉಸಿರು.

ಮೂತ್ರಪಿಂಡದ ಪಾಠವನ್ನು ಯೂರೋಬ್ಯಾಗಿನ ಎದುರು ನಿಂತು ನೆನೆಸಿಕೋ. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಅದರಲ್ಲಿ ಒಂದೂವರೆ ಲೀಟರನ್ನಷ್ಟೇ ಹೊರಬಿಡುವ ಅಂಗ ಅದು. ಹೃದಯ ಹೊರಹಾಕುವ ರಕ್ತದಲ್ಲಿ ಐದನೇ ಒಂದು ಭಾಗಕ್ಕಿಂತ ಕಡಿಮೆಯಿಲ್ಲದಷ್ಟು ಅದಕ್ಕೆ ಹೋಗುತ್ತದೆ. ಆದ್ದರಿಂದ ರಕ್ತದ ಹರಿವು ಕುಗ್ಗಿದರೆ ಬ್ಯಾಗಿನಲ್ಲಿ ಬೇಗ ತಿಳಿಯುತ್ತದೆ. ಗಂಟೆಗೆ ಪ್ರತಿ ಕಿಲೋ ತೂಕಕ್ಕೆ ಅರ್ಧ ಮಿ.ಲೀ. ಎಂಬುದು ನೆನಪಿರಲಿ, 50 ಕಿಲೋ ತೂಕದವರಿಗೆ 25 ಮಿ.ಲೀ. ಅದಕ್ಕಿಂತ ಕಡಿಮೆಯಾದರೆ ಮೊದಲು ಟ್ಯೂಬು ಮಡಚಿದೆಯೇ ನೋಡು, ಮಡಚಿಲ್ಲದಿದ್ದರೆ ತಿಳಿಸಲು ಬೆಳಗಿನ ರೌಂಡ್ಸಿನವರೆಗೆ ಕಾಯಬೇಡ.

ಅಟೊನಾಮಿಕ್ ನರಮಂಡಲ ತಲೆಗೆ ಹತ್ತುತ್ತಿಲ್ಲ ಎಂದೆಯಲ್ಲ, ಅದು ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಕಣ್ಣಿಗೇ ಕಾಣುವ ಪಾಠ. ಹೊಲದಲ್ಲಿ ಕೀಟನಾಶಕ ಸಿಂಪಡಿಸುವಾಗ ಮೈಮೇಲೆ ಬಿದ್ದೋ, ಹೊಟ್ಟೆಗೆ ಹೋಗಿಯೋ ಬಂದ ರೋಗಿಯನ್ನು ನೀನು ಖಂಡಿತ ನೋಡುತ್ತೀ. ಆರ್ಗನೋಫಾಸ್ಫೇಟ್ ಎಂಬ ಜಾತಿಯ ಕೀಟನಾಶಕಗಳು ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಒಡೆಯದ ಅಸಿಟೈಲ್‌ಕೋಲಿನ್ ಎಲ್ಲ ಕಡೆ ತುಂಬಿಕೊಳ್ಳುತ್ತದೆ. ಪ್ಯಾರಾಸಿಂಪಥೆಟಿಕ್ ಮಾಡುವ ಕೆಲಸಗಳೆಲ್ಲ ಮಿತಿಮೀರುತ್ತವೆ: ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಜೊಲ್ಲು ಸುರಿಯುತ್ತದೆ, ಎದೆಯಲ್ಲಿ ಕಫದ ನೀರು ಗೊರಗೊರ ಎನ್ನುತ್ತದೆ, ಪಲ್ಸ್ ಇಳಿಯುತ್ತದೆ, ಭೇದಿಯಾಗುತ್ತದೆ. ಪುಸ್ತಕದಲ್ಲಿ ಕೋಷ್ಟಕದ ಒಂದು ಸಾಲಾಗಿ ಓದಿದ್ದೆಲ್ಲ ಒಂದೇ ಮಂಚದ ಮೇಲೆ. ಅಟ್ರೊಪಿನ್ ಆ ಕೆಲಸಗಳನ್ನು ತಡೆಯುತ್ತದೆ. ಎದೆ ಒಣಗಿತೇ, ಪಲ್ಸ್ 80 ದಾಟಿತೇ ಎಂದು ನೋಡುತ್ತಾ ಕೊಡುತ್ತಾರೆ. ಮೈ ಸುಡಲು ಶುರುವಾಗಿ, ರೋಗಿ ಬಡಬಡಿಸಿ, ಹೊಟ್ಟೆಯ ಸದ್ದು ನಿಂತರೆ ಅಟ್ರೊಪಿನ್ ಹೆಚ್ಚಾಯಿತು ಎಂದು ಮೊದಲು ಕಾಣುವವಳೂ ನೀನೇ. ಇನ್ನೊಂದು ಸಂಗತಿ. ಸ್ನಾಯುಗಳಿಗೆ ಅಪ್ಪಣೆ ಕೊಡುವ ನರತುದಿಗಳಲ್ಲೂ ಅಸಿಟೈಲ್‌ಕೋಲಿನ್ ಇದೆ, ಅಲ್ಲಿ ಅಟ್ರೊಪಿನ್ ಏನೂ ಮಾಡಲಾರದು. ಒಂದೆರಡು ದಿನ ಕಳೆದು, ಎಲ್ಲರೂ ಹುಷಾರಾದ ಎಂದುಕೊಳ್ಳುವ ಹೊತ್ತಿಗೆ ಕುತ್ತಿಗೆಯ ಸ್ನಾಯು ಸೋತು, ಹಿಂದೆಯೇ ಉಸಿರಾಟದ ಸ್ನಾಯು ಸೋಲಬಹುದು. "ದಿಂಬಿನಿಂದ ತಲೆ ಎತ್ತಿ ನೋಡಪ್ಪ" ಎಂದು ಪ್ರತಿ ಪಾಳಿಯಲ್ಲೂ ಹೇಳಿ ನೋಡು. ಎತ್ತಲಾಗದಿದ್ದರೆ ಅದು ಸುಸ್ತಲ್ಲ, ಕೂಡಲೇ ಕರೆ.

ಫಿಸಿಯಾಲಜಿಯ ಒಂದು ಸಾಲು ಎಷ್ಟು ಜೀವ ಉಳಿಸಬಲ್ಲದು ಎಂಬುದಕ್ಕೆ ನಾನು ಪ್ರತಿ ಬ್ಯಾಚಿಗೂ ಹೇಳುತ್ತಿದ್ದ ಸಂಗತಿ ಒಂದಿದೆ. ಸಣ್ಣಕರುಳಿನ ಜೀವಕೋಶಗಳು ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಒಟ್ಟಿಗೇ ಒಳಗೆ ತೆಗೆದುಕೊಳ್ಳುತ್ತವೆ ಎಂದು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ವಿವರಿಸಿದರು. ಅವುಗಳ ಹಿಂದೆ ನೀರು ಹೋಗುತ್ತದೆ. ಕಾಲರಾ ರೋಗಿಯ ಕರುಳು ಎಷ್ಟೇ ನೀರು ಸುರಿಸಿದರೂ ಈ ದಾರಿ ಮುಚ್ಚುವುದಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತು, ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿದುಹೋದವು. ಡಾ. ದಿಲೀಪ್ ಮಹಲನಬೀಸ್ ಈ ತಿಳಿವಳಿಕೆಯನ್ನೇ ನೆಚ್ಚಿ, ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರ ಹತ್ತಿರ ಇದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಪದ್ಮವಿಭೂಷಣ ಬಂತು. ಇವತ್ತು ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಓ.ಆರ್.ಎಸ್. ಪೊಟ್ಟಣ ಅದೇ ವಿದ್ಯೆ. ಒಂದು ಲೀಟರಿನ ಪೊಟ್ಟಣವನ್ನು ಒಂದೇ ಲೋಟ ನೀರಿಗೆ ಹಾಕಿ ಕುಡಿಸುವ ತಾಯಂದಿರಿದ್ದಾರೆ, ರುಚಿಗೆಂದು ಮೇಲೆ ಸಕ್ಕರೆ ಸುರಿಯುವವರಿದ್ದಾರೆ. ಕರುಳಿನಲ್ಲಿ ಸಾಂದ್ರತೆ ಹೆಚ್ಚಾದರೆ ನೀರು ಒಳಗೆ ಹೋಗುವ ಬದಲು ಹೊರಗೆ ಬಂದು ಭೇದಿ ಹೆಚ್ಚುತ್ತದೆ ಎಂದು ನಿನಗೆ ಗೊತ್ತಿದ್ದರೆ, "ಅಳತೆ ತಪ್ಪಬೇಡಿ ಅಮ್ಮಾ" ಎಂದು ಹೇಳುವಾಗ ನಿನ್ನ ಮಾತಿಗೆ ಬಲ ಇರುತ್ತದೆ.

ರೋಗಿಗಳು ಪುಸ್ತಕದ ಭಾಷೆಯಲ್ಲಿ ಮಾತಾಡುವುದಿಲ್ಲ. "ಗ್ಯಾಸ್ಟ್ರಿಕ್ ಆಗಿದೆ ಸಿಸ್ಟರ್, ಒಂದು ಮಾತ್ರೆ ಕೊಡಿ" ಎಂದು ಎದೆಗುಳಿಯ ಮೇಲೆ ಕೈಯಿಟ್ಟು ಬರುವವರು ದಿನಕ್ಕೆಷ್ಟೋ. ಹೃದಯದ ನೋವನ್ನು ಹೊರುವ ನರಗಳು ಎದೆ, ತೋಳು, ದವಡೆ, ಹೊಟ್ಟೆಯ ಮೇಲ್ಭಾಗದಿಂದ ಬರುವ ನರಗಳ ಜೊತೆಗೆ ಸೇರಿಕೊಳ್ಳುವುದರಿಂದ ನೋವು ಎಲ್ಲಿಂದ ಬಂತೆಂದು ಮೆದುಳಿಗೆ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ನರ ಸೊರಗಿ ನೋವೇ ಇಲ್ಲದೆ ಬರೀ ಬೆವರು, ಸುಸ್ತು, ಉಬ್ಬಸ ಇರಬಹುದು. ಬೆವೆತ ಹಣೆ, ಬಿಳಿಚಿದ ಮುಖ ಕಂಡರೆ ಮಾತ್ರೆಗೆ ಹೋಗುವ ಮೊದಲು ಡಾಕ್ಟರಿಗೆ ತಿಳಿಸಿ ಇ.ಸಿ.ಜಿ. ತೆಗೆಸು. ಎದೆನೋವಿನವರಿಗೆ ಹತ್ತು ನಿಮಿಷದೊಳಗೆ ಇ.ಸಿ.ಜಿ. ಆಗಬೇಕು ಎಂಬುದು ನಿಯಮ.

ಅನಾಟಮಿ ಹಾಲಿಗೆ ಕರೆದುಕೊಂಡು ಹೋಗುವ ದಿನ ಫಾರ್ಮಲಿನ್ನಿಗೆ ಕಣ್ಣು ಉರಿಯುತ್ತದೆ, ಹೊಟ್ಟೆ ತೊಳಸಬಹುದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡ, ತಲೆ ಸುತ್ತಿದರೆ ನಾಚಿಕೊಳ್ಳದೆ ಹೊರಗೆ ಬಂದು ಕೂತುಕೋ. ಫೋಟೋ ತೆಗೆಯಬೇಡ, ಪಕ್ಕದವರು ತೆಗೆದರೂ ತಡೆ. ಮೇಜಿನ ಮೇಲಿರುವವರು ಯಾರದೋ ಮನೆಯವರು. ಬೈಲಹೊಂಗಲದ ಒಬ್ಬ ವೈದ್ಯರು ತಮ್ಮ ದೇಹವನ್ನು ಕಲಿಯುವವರಿಗೆಂದು ಬರೆದುಕೊಟ್ಟು ತೀರಿಕೊಂಡರು. ಅಂಗರಚನಾ ಶಾಸ್ತ್ರ ಕಲಿಸುತ್ತಿದ್ದ ಅವರ ಮಗನೇ 2010ರಲ್ಲಿ ಬೆಳಗಾವಿಯ ಕಾಲೇಜಿನಲ್ಲಿ ಆ ದೇಹವನ್ನು ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಅಂಥವರು ಕೊಟ್ಟಿದ್ದನ್ನು ಓದುತ್ತಿದ್ದೀ ಎಂಬ ಭಕ್ತಿಯಿಂದ ಹತ್ತಿರ ಹೋಗು. ಚಿತ್ರದಲ್ಲಿ ಕೆಂಪು ನೀಲಿ ಬಣ್ಣದಲ್ಲಿ ಬೇರೆ ಬೇರೆ ಕಾಣುವ ಧಮನಿ, ಸಿರೆ, ನರ ಮೂರೂ ನಿಜವಾದ ದೇಹದಲ್ಲಿ ಒಂದೇ ಮಾಸಲು ಬಣ್ಣ. ಮುಟ್ಟಿದರೆ ತಿಳಿಯುತ್ತದೆ: ಧಮನಿಯ ಗೋಡೆ ದಪ್ಪ, ಸಿರೆಯದು ತೆಳು, ನರ ಟೊಳ್ಳಿಲ್ಲದ ಗಟ್ಟಿ ಹುರಿ. ಅದಕ್ಕೇ ಕೈಗವಸು ಹಾಕಿಕೊಂಡು ಮುಟ್ಟಿ ನೋಡು, ದೂರ ನಿಲ್ಲಬೇಡ.

ಕನ್ನಡ ಮೀಡಿಯಮ್ಮಿನಿಂದ ಬಂದೆ ಎಂದು ಕುಗ್ಗಬೇಡ. ಹೆಸರುಗಳು ಇಂಗ್ಲಿಷ್, ಲ್ಯಾಟಿನ್, ಅವನ್ನು ಹಾಗೇ ಬರೆದು ಬರೆದು ಕಲಿಯಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಆದರೆ ಒಳಗೆ ನಡೆಯುವ ಕೆಲಸವನ್ನು ಕನ್ನಡದಲ್ಲಿ ಅರ್ಥ ಮಾಡಿಕೋ. ಹಾಸ್ಟೆಲಿನಲ್ಲಿ ರೂಮ್‌ಮೇಟ್‌ಗೆ ಬಾಯಿಬಿಟ್ಟು ಹೇಳು: ಮಧ್ಯಾಹ್ನ ತಿಂದ ರಾಗಿಮುದ್ದೆ ಎಲ್ಲೆಲ್ಲಿ ಹೋಯಿತು, ಪಿಷ್ಟ ಎಲ್ಲಿ ಒಡೆಯಿತು, ಗ್ಲೂಕೋಸ್ ಯಾವ ಗೋಡೆ ದಾಟಿ ಪೋರ್ಟಲ್ ಸಿರೆ ಸೇರಿತು, ಯಕೃತ್ತು ಅದನ್ನು ಏನು ಮಾಡಿತು, ಇನ್ಸುಲಿನ್ ಯಾವಾಗ ಬಂತು. ಹೇಳುತ್ತಾ ಹೋದಂತೆ ಎಲ್ಲಿ ತಡವರಿಸುತ್ತೀಯೋ ಅಲ್ಲಿ ಪುಸ್ತಕ ತೆರೆ. ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಚಿತ್ರ ಬರೆದು ಹೆಸರು ತುಂಬು, ರೆಕಾರ್ಡ್ ಬುಕ್ಕಿನ ಅಂದದ ಚಿತ್ರಕ್ಕಿಂತ ಈ ಒರಟು ಚಿತ್ರವೇ ಪರೀಕ್ಷೆಯಲ್ಲಿ ಕೈಹಿಡಿಯುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ನೋಡು, ಆದರೆ ಪರೀಕ್ಷೆಯ ಹಿಂದಿನ ವಾರ ಮಾತ್ರ.

ಮುಂದಿನ ವಾರ ಹೃದಯದ ಅಧ್ಯಾಯ ಶುರು ಎಂದೆ. ಓದುವ ಮೊದಲೇ ಗೆಳತಿಯೊಬ್ಬಳನ್ನು ಕೂರಿಸಿಕೊಂಡು ಸ್ಟೆತಾಸ್ಕೋಪನ್ನು ಅವಳ ಐದನೇ ಪಕ್ಕೆಸಂದಿಯಲ್ಲಿಡು, ಇನ್ನೊಂದು ಕೈ ಅವಳ ಮಣಿಕಟ್ಟಿನ ಮೇಲಿರಲಿ. ಮೊದಲ ಸದ್ದು ಮೈಟ್ರಲ್, ಟ್ರೈಕಸ್ಪಿಡ್ ಕವಾಟಗಳು ಮುಚ್ಚುವುದು, ಎರಡನೆಯದು ಅಯೋರ್ಟಿಕ್, ಪಲ್ಮನರಿ ಕವಾಟಗಳು ಮುಚ್ಚುವುದು. ಎರಡು ಸದ್ದಿನ ನಡುವೆ ಬೆರಳಿಗೆ ನಾಡಿ ತಟ್ಟುತ್ತದೆ. ಆಮೇಲೆ ಇನ್ನೊಬ್ಬಳನ್ನೂ ಕರೆದು, ಒಂದೇ ಗಡಿಯಾರ ನೋಡಿಕೊಂಡು ಒಬ್ಬಳು ಎದೆಯ ಬಡಿತವನ್ನೂ ಒಬ್ಬಳು ಮಣಿಕಟ್ಟಿನದನ್ನೂ ಪೂರ್ತಿ ನಿಮಿಷ ಎಣಿಸಿ. ಆರೋಗ್ಯವಂತರಲ್ಲಿ ಎರಡೂ ಒಂದೇ ಬರುತ್ತವೆ. ಎದೆಯಲ್ಲಿ 110, ಮಣಿಕಟ್ಟಿನಲ್ಲಿ 84 ಬರುವ ರೋಗಿ ಮುಂದೊಂದು ದಿನ ನಿನ್ನ ವಾರ್ಡಿಗೆ ಬರುತ್ತಾರೆ, ಏಟ್ರಿಯಲ್ ಫಿಬ್ರಿಲೇಷನ್ ಇರುವವರಲ್ಲಿ ಹೀಗಾಗುತ್ತದೆ. ಆಗ ಎರಡೂ ಅಂಕಿಯನ್ನು ಚಾರ್ಟಿನಲ್ಲಿ ಬರೆದು, ಡಾಕ್ಟರಿಗೆ ಎರಡನ್ನೂ ಹೇಳು.